ಚೆರೋಕಿ ಪರ್ಪಲ್ ಟೊಮೇಟೊ: ಬೆಂಗಳೂರಿನ ತಾರಸಿಯಲ್ಲಿ ಬೀಜದಿಂದ ತಟ್ಟೆಯವರೆಗೆ

ಪ್ರತಿ ವರ್ಷ ಏಪ್ರಿಲ್ ಬಂತೆಂದರೆ ನನ್ನ ಫೋನಿಗೆ ಒಂದೇ ತರಹದ ಫೋಟೋಗಳು ಬರುತ್ತವೆ. ಆಳೆತ್ತರದ ಗಿಡ, ದಟ್ಟ ಹಸಿರು ಎಲೆ, ಬುಡದ ತುಂಬ ಉದುರಿದ ಹಳದಿ ಹೂವು. ಕಾಯಿ ಮಾತ್ರ ಒಂದೂ ಇಲ್ಲ. ಜೊತೆಗೆ ಒಂದು ಪ್ರಶ್ನೆ: "ಯಾವ ಗೊಬ್ಬರ ಹಾಕಲಿ?" ಆ ಹೊತ್ತಿಗೆ ಯಾವ ಗೊಬ್ಬರವೂ ಕೆಲಸಕ್ಕೆ ಬರುವುದಿಲ್ಲ. ತಪ್ಪಾಗಿರುವುದು ಮೂರ್ನಾಲ್ಕು ತಿಂಗಳು ಹಿಂದೆ, ಬೀಜ ಹಾಕಿದ ದಿನ.

ಚೆರೋಕಿ ಪರ್ಪಲ್ ಅಮೆರಿಕದ ಟೆನ್ನೆಸ್ಸೀ ಕಡೆಯಿಂದ ಬಂದ ಹಳೇ ತಳಿ. ನಮ್ಮ ಮಾರುಕಟ್ಟೆಯ ಹೈಬ್ರಿಡ್ ಗಿಡಗಳಿಗೆ ರೋಗ ತಡೆಯುವ ಶಕ್ತಿಯನ್ನು ತಳಿ ಮಾಡುವಾಗಲೇ ಸೇರಿಸಿರುತ್ತಾರೆ. ಇದಕ್ಕೆ ಅದು ಇಲ್ಲ. ಹಾಗಾಗಿ ಇದನ್ನು ಮಾಮೂಲಿ ಟೊಮೇಟೊ ತರಹ ಬೆಳೆದರೆ ಗಿಡ ಕೈಕೊಡುತ್ತದೆ. ಮಾಮೂಲಿ ಟೊಮೇಟೊ ತರಹ ಬೇಯಿಸಿದರೆ ರುಚಿ ಕೈಕೊಡುತ್ತದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದನ್ನು ಬಿಟ್ಟು ಮುಂದಿನದಕ್ಕೆ ಹೋಗಬೇಡಿ.

ಹಂತ 1: ಮೊದಲು ತಾರೀಖು ಗೊತ್ತುಮಾಡಿ

ಟೊಮೇಟೊ ಹೂವು ಕಾಯಿಕಟ್ಟಲು ರಾತ್ರಿ ತಂಪಾಗಿರಬೇಕು. 13ರಿಂದ 20 ಡಿಗ್ರಿ ಒಳ್ಳೆಯದು. ಹಗಲು 30 ಡಿಗ್ರಿಯೊಳಗೆ ಇರಬೇಕು. ಹಗಲಿನ ಬಿಸಿ 33-34 ದಾಟಿದರೆ, ರಾತ್ರಿಯೂ ಬೆಚ್ಚಗಿದ್ದರೆ, ಪರಾಗ ಕೆಡುತ್ತದೆ, ಹೂವು ಉದುರುತ್ತದೆ. ದಪ್ಪ ಹಣ್ಣಿನ ಹಳೇ ತಳಿಗಳಲ್ಲಿ ಈ ತೊಂದರೆ ಇನ್ನೂ ಜಾಸ್ತಿ.

ಬೆಂಗಳೂರಿನಲ್ಲಿ ಈ ತಂಪು ಸಿಗುವುದು ಡಿಸೆಂಬರ್, ಜನವರಿಯಲ್ಲಿ. ಆಗ ರಾತ್ರಿ 15-17 ಡಿಗ್ರಿ, ಹಗಲು 26-28 ಇರುತ್ತದೆ. ಮಳೆಯೂ ಇಲ್ಲ. ಗಿಡ ಹೂಬಿಡುವುದು ಆ ಎರಡು ತಿಂಗಳಲ್ಲೇ ಆಗಬೇಕು. ಅಲ್ಲಿಂದ ಹಿಂದಕ್ಕೆ ಎಣಿಸಿ. ಬೀಜ ಹಾಕಿದ ಮೇಲೆ ಸಸಿ ನಾಟಿಗೆ ಬರಲು 5 ವಾರ. ನಾಟಿಯಾದ ಮೇಲೆ ಮೊದಲ ಹಣ್ಣಿಗೆ ಸುಮಾರು 80 ದಿನ.

ನಾನು ಹಬ್ಬದ ಲೆಕ್ಕದಲ್ಲಿ ನೆನಪಿಟ್ಟುಕೊಳ್ಳುತ್ತೇನೆ. ಮಹಾಲಯ ಅಮಾವಾಸ್ಯೆಯಿಂದ ದಸರಾದೊಳಗೆ ಬೀಜ. ದೀಪಾವಳಿ ಮುಗಿದ ಮೇಲೆ ನಾಟಿ. ಬಸವನಗುಡಿಯ ಕಡಲೆಕಾಯಿ ಪರಿಷೆ ಮುಗಿದ ಸುಮಾರಿಗೆ ಮೊದಲ ಹೂವು. ಸಂಕ್ರಾಂತಿಗೆ ಕೈತುಂಬುವ ಹಸಿರು ಕಾಯಿ. ಜನವರಿ ಕೊನೆಯಿಂದ ಶಿವರಾತ್ರಿ ದಾಟುವವರೆಗೂ ಹಣ್ಣು. ಅಧಿಕ ಮಾಸದಿಂದ ಹಬ್ಬಗಳು ತಡವಾಗಿ ಬರುವ ವರ್ಷ ಮಾತ್ರ ಪಂಚಾಂಗ ನೋಡದೆ ತಾರೀಖು ಹಿಡಿಯಿರಿ: ಸೆಪ್ಟೆಂಬರ್ 25ರಿಂದ ಅಕ್ಟೋಬರ್ 10.

ಎರಡು ತಪ್ಪುಗಳು ಪದೇ ಪದೇ ಆಗುತ್ತವೆ. ಒಂದು, ಬೀಜ ಕೈಗೆ ಬಂದ ದಿನವೇ ಹಾಕಿಬಿಡುವುದು. ಜನವರಿಯಲ್ಲಿ ಹಾಕಿದರೆ ಹೂವು ಏಪ್ರಿಲ್ ಬಿಸಿಲಿಗೆ ಸಿಗುತ್ತದೆ. ಎರಡು, ಮಳೆಗಾಲ ಶುರುವಾಯಿತು ಅಂತ ಜೂನ್‌ನಲ್ಲಿ ಹಾಕುವುದು. ಆಗ ಬಿಸಿ ಕಮ್ಮಿ, ನಿಜ. ಆದರೆ ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಎಲೆ ಒಣಗುವುದೇ ಇಲ್ಲ. ಕಾಯಿ ತುಂಬುವ ಹೊತ್ತಿಗೆ ಅಂಗಮಾರಿ ರೋಗ ಬಂದು ಗಿಡ ಕಪ್ಪಾಗುತ್ತದೆ.

ಹಂತ 2: ಬೀಜ ಸರಿಯಾದದ್ದೇ ಅಂತ ನೋಡಿಕೊಳ್ಳಿ

ಪ್ಯಾಕೆಟ್ ಮೇಲೆ "ಎಫ್ 1" ಅಥವಾ "ಹೈಬ್ರಿಡ್" ಅಂತಿದ್ದರೆ ತೆಗೆದುಕೊಳ್ಳಬೇಡಿ. ಅದು ಹಳೇ ತಳಿ ಅಲ್ಲ. "ಕಪ್ಪು ಟೊಮೇಟೊ" ಅಂತಷ್ಟೇ ಬರೆದಿದ್ದರೂ ಬೇಡ. ಆ ಹೆಸರಿನಲ್ಲಿ ಏನು ಬೇಕಾದರೂ ಬರಬಹುದು. ನಾನು ಒಂದು ಕಡೆ ತಂದ ಬೀಜದಿಂದ ಮೂರೂವರೆ ತಿಂಗಳು ಸಾಕಿದ ಮೇಲೆ ಗೋಲಿಯಷ್ಟು ಕೆಂಪು ಹಣ್ಣು ಬಂತು. ಒಂದು ಇಡೀ ಚಳಿಗಾಲ ಹೋಯಿತು. ಹೆಸರು, ಬೀಜ ತಯಾರಾದ ವರ್ಷ ಎರಡೂ ಬರೆದಿರುವ ಪ್ಯಾಕೆಟ್ ತನ್ನಿ. ಆದರೆ ಬೆಳೆದವರ ಕೈಯಿಂದಲೇ ಇಸಿದುಕೊಂಡರೆ ಇನ್ನೂ ಒಳ್ಳೆಯದು.

ಹಂತ 3: ಸಾಮಾನು ಮೊದಲೇ ಕೂಡಿಸಿ

ನಾಟಿ ದಿನ ಅಂಗಡಿಗೆ ಓಡುವಂತಾಗಬಾರದು. ಒಂದು ಗಿಡಕ್ಕೆ 18 ಅಂಗುಲ ಅಗಲ, 18 ಅಂಗುಲ ಎತ್ತರದ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಚೀಲ ಬೇಕು. ಜಾಗ ಇಲ್ಲದಿದ್ದರೆ 15 ಅಂಗುಲದ್ದು. ಅದಕ್ಕಿಂತ ಚಿಕ್ಕದು ಬೇಡವೇ ಬೇಡ. ಪೇಂಟ್ ಬಕೆಟ್‌ನಲ್ಲಿ ಎರಡು ಗಿಡ ಹಾಕಿದವರಿಗೆ ಎರಡರಲ್ಲೂ ಹಣ್ಣು ಸಿಕ್ಕಿದ್ದನ್ನು ನಾನು ನೋಡಿಲ್ಲ.

ಇದರ ಜೊತೆಗೆ ಸಸಿ ಟ್ರೇ, 8 ಅಡಿಯ ಬಿದಿರು ಅಥವಾ ಸರ್ವೆ ಗಳ, ಸೆಣಬಿನ ದಾರ, ಸಣ್ಣ ಕಣ್ಣಿನ ಕೀಟದ ಬಲೆ, ಬಿಳಿ ನೊಣ ಹಿಡಿಯುವ ಹಳದಿ ಅಂಟು ಕಾರ್ಡು, ಬೇವಿನ ಎಣ್ಣೆ, ಒಂದು ಸ್ಪ್ರೇಯರ್ ಮತ್ತು ಒಳ್ಳೆಯ ಕತ್ತರಿ. ಕೀಟದ ಬಲೆ ದುಬಾರಿ ಅಂತ ಬಿಡಬೇಡಿ. ಯಾಕೆ ಅಂತ ಮುಂದಿನ ಹಂತದಲ್ಲಿ ಹೇಳುತ್ತೇನೆ.

ತಾರಸಿಯ ಬಗ್ಗೆ ಒಂದು ಎಚ್ಚರಿಕೆ. ನೀರು ಕುಡಿದ ದೊಡ್ಡ ಚೀಲ 50 ಕಿಲೋ ದಾಟುತ್ತದೆ. ಚೀಲಗಳನ್ನು ತಾರಸಿಯ ನಡುವೆ ಗುಂಪಾಗಿ ಇಡಬೇಡಿ. ಗೋಡೆ ಅಥವಾ ತೊಲೆ ಇರುವ ಅಂಚಿನುದ್ದಕ್ಕೂ ಇಡಿ. ಕೆಳಗೆ ಎರಡೆರಡು ಇಟ್ಟಿಗೆ ಕೊಡಿ. ನೀರು ಹರಿದು ಹೋಗುತ್ತದೆ, ತಾರಸಿಗೂ ತೇವ ಹಿಡಿಯುವುದಿಲ್ಲ.

ಹಂತ 4: ಸಸಿ ಮಾಡುವುದು

ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಜರಡಿ ಹಿಡಿದ ಎರೆಗೊಬ್ಬರ ಸಮ ಸಮ ಬೆರೆಸಿ ಟ್ರೇ ತುಂಬಿ. ಒಂದು ಗುಳಿಗೆ ಎರಡು ಬೀಜ, ಅರ್ಧ ಸೆಂಟಿಮೀಟರ್ ಆಳ. ನೀರು ಚಿಮುಕಿಸಿ ಮುಚ್ಚಿಡಿ. 5ರಿಂದ 8 ದಿನಕ್ಕೆ ಮೊಳಕೆ ಬರುತ್ತದೆ.

ಮೊದಲ ಮೊಳಕೆ ಕಂಡ ದಿನವೇ ಮುಚ್ಚಳ ತೆಗೆದು ಬೆಳಕಿಗಿಡಿ. ಒಂದು ದಿನ ತಡವಾದರೂ ಸಸಿ ದಾರದ ಹಾಗೆ ಉದ್ದವಾಗುತ್ತದೆ. ಅಡುಗೆಮನೆ ಕಿಟಕಿಯ ಬೆಳಕು ಸಾಲದು. ಮಳೆ ಬೀಳದ, ಬೆಳಗಿನ ಬಿಸಿಲು ಬೀಳುವ ಜಾಗ ಬೇಕು.

ಈಗ ಬಲೆಯ ಮಾತು. ಬೆಂಗಳೂರಿನಲ್ಲಿ ಟೊಮೇಟೊಗೆ ದೊಡ್ಡ ಶತ್ರು ಎಲೆ ಮುಟುರು ರೋಗ. ಈ ರೋಗ ತರುವ ಒಂದು ವೈರಸ್‌ಗೆ ವಿಜ್ಞಾನಿಗಳು ನಮ್ಮೂರಿನ ಹೆಸರನ್ನೇ ಇಟ್ಟಿದ್ದಾರೆ. ಬಿಳಿ ನೊಣ ಇದನ್ನು ಗಿಡದಿಂದ ಗಿಡಕ್ಕೆ ಹರಡುತ್ತದೆ. ಸಸಿಯಾಗಿದ್ದಾಗ ತಗುಲಿದರೆ ಆ ಗಿಡದ ಆಸೆ ಬಿಡಬೇಕು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತರಹದ ಹೈಬ್ರಿಡ್‌ಗಳು ಈ ರೋಗ ತಡೆಯುತ್ತವೆ. ಚೆರೋಕಿ ಪರ್ಪಲ್ ತಡೆಯುವುದಿಲ್ಲ. ಅದಕ್ಕೇ ಮೊಳಕೆಯಿಂದ ನಾಟಿಯವರೆಗೆ ಐದೂ ವಾರ ಟ್ರೇ ಬಲೆಯೊಳಗೇ ಇರಬೇಕು. ನಾಲ್ಕು ಕಡ್ಡಿ ಚುಚ್ಚಿ, ಸೊಳ್ಳೆ ಪರದೆ ಕಟ್ಟಿದ ಹಾಗೆ ಕಟ್ಟಿ, ಅಂಚಿನ ಮೇಲೆ ಕಲ್ಲಿಡಿ. ಸಾಧಾರಣ ಸೊಳ್ಳೆ ಪರದೆಯ ಕಣ್ಣು ದೊಡ್ಡದು, ಬಿಳಿ ನೊಣ ನುಸುಳುತ್ತದೆ. 50 ಮೆಶ್ ಅಂತ ಕೇಳಿ ತನ್ನಿ.

ಮೊದಲ ಜೋಡಿ ಬೀಜದೆಲೆ ಬಿಟ್ಟು, ನಿಜವಾದ ಎಲೆ ಎರಡು ಬಂದ ಮೇಲೆ ಗುಳಿಗೊಂದು ಸಸಿ ಉಳಿಸಿ, ಉಳಿದದ್ದನ್ನು ಕತ್ತರಿಯಿಂದ ಕತ್ತರಿಸಿ. ಕಿತ್ತರೆ ಪಕ್ಕದ್ದರ ಬೇರು ಅಲುಗುತ್ತದೆ. ಮೂರನೇ ವಾರದಲ್ಲಿ 4 ಅಂಗುಲದ ಚಿಕ್ಕ ಕವರಿಗೆ ಸಾಗಿಸಿ.

ಸಸಿಯ ಬುಡ ನೂಲಿನ ಹಾಗೆ ಸಣ್ಣಗಾಗಿ ಮಗುಚಿ ಬಿದ್ದರೆ ಅದು ಬುಡ ಕೊಳೆ. ನೀರು ಜಾಸ್ತಿಯಾಗಿದೆ ಅಂತ ಅರ್ಥ. ಬಿದ್ದದ್ದನ್ನು ತೆಗೆಯಿರಿ. ಉಳಿದದ್ದಕ್ಕೆ ಮೇಲಿನ ಮಣ್ಣು ಒಣಗುವವರೆಗೆ ನೀರು ಬೇಡ.

ಹಂತ 5: ಮಣ್ಣು

ನನ್ನ ಅಳತೆ: ಕೆಂಪು ಮಣ್ಣು 4 ಪಾಲು, ಕೋಕೋಪೀಟ್ 3, ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 3. ಚೀಲಕ್ಕೆ ಎರಡು ಹಿಡಿ ಬೇವಿನ ಹಿಂಡಿ. ನಾಟಿಗೆ 15 ದಿನ ಮುಂಚೆಯೇ ತುಂಬಿ, ತೇವ ಮಾಡಿ ಬಿಡಿ.

ಕೋಕೋಪೀಟ್ ಇಟ್ಟಿಗೆಯನ್ನು ನೆನೆಸಿ ಹಾಗೇ ಹಾಕಬೇಡಿ. ಅದರಲ್ಲಿ ಉಪ್ಪು ಇರುತ್ತದೆ. ನೆನೆಸಿ, ಹಿಂಡಿ, ನೀರು ಚೆಲ್ಲಿ. ಹೀಗೆ ಮೂರು ಸಲ ಮಾಡಿ. ಹಸಿ ಸಗಣಿ ಬೇಡ. ಹೋದ ವರ್ಷ ಟೊಮೇಟೊ, ಬದನೆ, ಮೆಣಸಿನಕಾಯಿ, ಆಲೂಗೆಡ್ಡೆ ಬೆಳೆದ ಮಣ್ಣೂ ಬೇಡ. ಆ ಮಣ್ಣನ್ನು ಸೊಪ್ಪು, ಹುರುಳಿಕಾಯಿಗೆ ಕೊಡಿ. ಸೊರಗು ರೋಗದ ದುಂಡಾಣು (ಬ್ಯಾಕ್ಟೀರಿಯಾ) ಹಳೇ ಮಣ್ಣಿನಲ್ಲೇ ಅಡಗಿರುತ್ತದೆ.

ಹಂತ 6: ನಾಟಿ

ಸಸಿ ಒಂದು ಗೇಣು ಬೆಳೆದು, ಕಾಂಡ ಪೆನ್ಸಿಲ್‌ಗಿಂತ ಸ್ವಲ್ಪ ತೆಳ್ಳಗಿದ್ದಾಗ ನಾಟಿ ಮಾಡಿ. ಅದಕ್ಕೆ ಮುಂಚೆ ಒಂದು ವಾರ ದಿನಾ ಸ್ವಲ್ಪ ಸ್ವಲ್ಪ ಬಿಸಿಲು ಜಾಸ್ತಿ ಮಾಡುತ್ತಾ ಹೋಗಿ.

ಕೆಳಗಿನ ಎಲೆಗಳನ್ನು ಚಿವುಟಿ. ಮೇಲಿನ ನಾಲ್ಕೈದು ಎಲೆ ಮಾತ್ರ ಹೊರಗಿರುವ ಹಾಗೆ ಕಾಂಡವನ್ನು ಆಳಕ್ಕೆ ಹೂಳಿ. ಹೂತ ಕಾಂಡದಿಂದಲೂ ಬೇರು ಹೊರಡುತ್ತದೆ. ಬದನೆ, ಮೆಣಸಿನಕಾಯಿಯನ್ನು ಯಾರೂ ಹೀಗೆ ಹೂಳುವುದಿಲ್ಲ. ಅದೇ ಅಭ್ಯಾಸದಲ್ಲಿ ಟೊಮೇಟೊವನ್ನೂ ಮೇಲೆ ಮೇಲೆ ನೆಟ್ಟುಬಿಡುತ್ತಾರೆ. ಆಮೇಲೆ ನಾಲ್ಕು ಹಣ್ಣಿನ ಭಾರಕ್ಕೆ ಗಿಡ ವಾಲುತ್ತದೆ.

ಗಳವನ್ನು ಇವತ್ತೇ ನೆಡಿ. ಒಂದು ತಿಂಗಳು ಬಿಟ್ಟು ಚುಚ್ಚಿದರೆ ಬೇರು ತುಂಡಾಗುತ್ತದೆ. ಸಂಜೆ ನಾಟಿ ಮಾಡಿ, ಮೂರು ದಿನ ಮಧ್ಯಾಹ್ನದ ಬಿಸಿಲಿಗೆ ಹಳೇ ಪಂಚೆ ಕಟ್ಟಿ. ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ಇಲ್ಲಿ ಎರಡು ಮೂರು ದಿನ ಜಡಿಮಳೆ ಹಿಡಿಯುತ್ತದೆ. ಆಗ ಗಿಡದ ಮೇಲೆ ಪ್ಲಾಸ್ಟಿಕ್ ಶೀಟು ಬೇಕು. ಪಕ್ಕಗಳು ತೆರೆದಿರಲಿ, ಗಾಳಿ ಆಡಬೇಕು.

ಹಂತ 7: ಕಟ್ಟುವುದು, ಚಿವುಟುವುದು

ಈ ಗಿಡ ಒಂದು ಎತ್ತರಕ್ಕೆ ನಿಲ್ಲುವ ಜಾತಿಯಲ್ಲ. 6-7 ಅಡಿ ಆರಾಮಾಗಿ ಹೋಗುತ್ತದೆ. ವಾರಕ್ಕೊಮ್ಮೆ ಎಂಟರ ಆಕಾರದಲ್ಲಿ ಸಡಿಲವಾಗಿ ಗಳಕ್ಕೆ ಕಟ್ಟಿ. ಗಳದ ತುದಿಗಳನ್ನು ಒಂದು ತಂತಿಗೆ ಬಿಗಿಯಿರಿ. ಮೂರನೇ ಮಹಡಿ ಮೇಲಿನ ಗಾಳಿಗೆ ಒಂಟಿ ಗಳ ನಿಲ್ಲುವುದಿಲ್ಲ.

ಎಲೆ ಮತ್ತು ಕಾಂಡದ ನಡುವೆ ಹುಟ್ಟುವ ಚಿಗುರಿಗೆ ನಾನು ಕಂಕುಳ ಚಿಗುರು ಅನ್ನುತ್ತೇನೆ. ಮೊದಲ ಹೂಗೊಂಚಲಿನ ಕೆಳಗೇ ಇರುವ ಒಂದನ್ನು ಬಿಟ್ಟು, ಅದಕ್ಕಿಂತ ಕೆಳಗಿನವನ್ನೆಲ್ಲ ಬೆರಳುದ್ದ ಆಗುವ ಮುಂಚೆಯೇ ಚಿವುಟಿ. ಎರಡು ಕಾಂಡ ಸಾಕು. ಮಣ್ಣಿನಿಂದ ಒಂದು ಅಡಿಯವರೆಗಿನ ಎಲೆಗಳನ್ನೂ ನಿಧಾನವಾಗಿ ತೆಗೆಯಿರಿ. ರೋಗ ಮೊದಲು ಏರುವುದು ಅಲ್ಲಿಂದಲೇ. ಆದರೆ ಮೇಲಿನ ಎಲೆ ಬೋಳಿಸಬೇಡಿ. ಫೆಬ್ರವರಿ ಬಿಸಿಲು ನೇರ ಬಿದ್ದರೆ ಕಾಯಿ ಮೇಲೆ ಬಿಳಿ ಕಾಗದದಂತಹ ಸುಟ್ಟ ಕಲೆ ಬೀಳುತ್ತದೆ.

ಬೀಡಿ, ಸಿಗರೇಟು, ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಗಿಡ ಮುಟ್ಟಬಾರದು. ಹೊಗೆಸೊಪ್ಪಿನ ವೈರಸ್ ಟೊಮೇಟೊಗೂ ಹತ್ತುತ್ತದೆ. ಸೋಪು ಹಾಕಿ ಕೈ ತೊಳೆದುಕೊಳ್ಳಿ.

ಹಂತ 8: ನೀರು ಮತ್ತು ಗೊಬ್ಬರ

ಬೆಳಗ್ಗೆ ಹೊತ್ತು ಬುಡಕ್ಕೆ ಮಾತ್ರ ನೀರು. ಎಲೆಗೆ ಬೇಡ. ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ. ತೇವ ಇದ್ದರೆ ಹಾಕಬೇಡಿ. ಒಣಗಿದ್ದರೆ ಚೀಲದ ಕೆಳಗಿನಿಂದ ಹನಿಯುವವರೆಗೆ ಹಾಕಿ. ಮೇಲೆ ಮೂರು ಅಂಗುಲ ಒಣ ಎಲೆ ಹಾಸಿ.

ಚೆರೋಕಿ ಪರ್ಪಲ್ ಸಿಪ್ಪೆ ತೆಳು. ಮೂರು ದಿನ ಮರೆತು ನಾಲ್ಕನೇ ದಿನ ಎರಡು ಬಕೆಟ್ ಸುರಿದರೆ ಹಣ್ಣು ತೊಟ್ಟಿನ ಸುತ್ತ ಬಿರಿಯುತ್ತದೆ. ಕಾಯಿಯ ತಳ ಕಪ್ಪಾಗಿ ಚರ್ಮದಂತೆ ಒಣಗುವುದಕ್ಕೂ ಹೆಚ್ಚಾಗಿ ಇದೇ ಕಾರಣ. ಅದು ಕ್ಯಾಲ್ಸಿಯಂ ಕೊರತೆ, ನಿಜ. ಆದರೆ ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದರೂ ನೀರು ಏರುಪೇರಾದರೆ ಅದು ಕಾಯಿಗೆ ತಲುಪುವುದಿಲ್ಲ. ಮೊಟ್ಟೆ ಚಿಪ್ಪು ಹುಗಿದರೆ ಈ ವರ್ಷ ಸರಿಹೋಗಲ್ಲ, ಅದು ಕರಗಲು ಬಹಳ ಕಾಲ ಬೇಕು. ಊರಿಗೆ ಹೋಗುವವರಾದರೆ ಟೈಮರ್ ಇರುವ ಹನಿ ನೀರಾವರಿ ಹಾಕಿಸಿ.

ಆರ್‌ಓ ಯಂತ್ರ ನೀರು ಶುದ್ಧ ಮಾಡುವಾಗ ಹೊರಬಿಡುವ ತ್ಯಾಜ್ಯ ನೀರನ್ನು ಗಿಡಕ್ಕೆ ಹಾಕುವ ಅಭ್ಯಾಸ ಈ ಊರಿನಲ್ಲಿ ಬಹಳ ಇದೆ. ನೀರು ಉಳಿಸಬೇಕು ಅನ್ನುವ ಮನಸ್ಸು ಒಳ್ಳೆಯದು. ಆದರೆ ಅದರಲ್ಲಿ ಉಪ್ಪಿನಂಶ ಜಾಸ್ತಿ, ಬೋರ್‌ವೆಲ್ ಮನೆಗಳಲ್ಲಂತೂ ಕೇಳುವುದೇ ಬೇಡ. ಅದು ನೆಲ ಒರೆಸಲಿಕ್ಕೆ ಇರಲಿ. ಎಲೆಯಂಚು ಕಂದು ಬಣ್ಣಕ್ಕೆ ಸುಟ್ಟಂತಾದರೆ, ಚೀಲದ ಹೊರಗೆ ಬಿಳಿ ಉಪ್ಪು ಕಂಡರೆ, ಆ ನೀರು ನಿಲ್ಲಿಸಿ. ಒಳ್ಳೆ ನೀರನ್ನು ಎರಡು ಸಲ ಹರಿಸಿ ಮಣ್ಣು ತೊಳೆಯಿರಿ.

ಗೊಬ್ಬರಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 15 ದಿನಕ್ಕೊಮ್ಮೆ ಎರಡು ಹಿಡಿ ಎರೆಗೊಬ್ಬರ, ನಡುವೆ ಒಂದು ಸಲ ಒಂದಕ್ಕೆ ಹತ್ತು ಪಾಲು ನೀರು ಬೆರೆಸಿದ ಜೀವಾಮೃತ (ಸಗಣಿ, ಗಂಜಲ, ಬೆಲ್ಲ ಹುಳಿಸಿದ ದ್ರವ ಗೊಬ್ಬರ). ಮೊದಲ ಹೂವು ಕಂಡ ಮೇಲೆ ಸಾರಜನಕ ಕಮ್ಮಿ ಮಾಡಿ, ಪೊಟ್ಯಾಷ್ ಕೊಡಿ. ಹೆಸರಘಟ್ಟದ ಸಂಸ್ಥೆ ತಯಾರಿಸಿದ ತರಕಾರಿ ಸೂಕ್ಷ್ಮ ಪೋಷಕಾಂಶದ ಪುಡಿ ಸಿಕ್ಕರೆ ಪ್ಯಾಕೆಟ್ ಮೇಲಿನ ಅಳತೆಯಲ್ಲಿ ಎಲೆಗೆ ಸಿಂಪಡಿಸಿ. ಅಳತೆ ಮೀರಬೇಡಿ.

ಹಂತ 9: ಹೂವು ಉದುರದಂತೆ

ಟೊಮೇಟೊ ಹೂವಿನಲ್ಲಿ ಗಂಡು, ಹೆಣ್ಣು ಎರಡೂ ಇರುತ್ತವೆ. ಪರಾಗ ಅಲುಗಿ ಬಿದ್ದರೆ ಸಾಕು. ಹೊಲದಲ್ಲಿ ಗಾಳಿ ಮತ್ತು ಮೈ ಅದುರಿಸಿ ಹೂವು ಅಲುಗಿಸುವ ನೀಲಿಪಟ್ಟೆ ದುಂಬಿಗಳು ಈ ಕೆಲಸ ಮಾಡುತ್ತವೆ. ಎತ್ತರದ ಅಪಾರ್ಟ್‌ಮೆಂಟ್ ಬಾಲ್ಕನಿಯಲ್ಲಿ ನೀವೇ ಮಾಡಬೇಕು. ಬೆಳಗ್ಗೆ 10ರಿಂದ 12ರೊಳಗೆ ಗೊಂಚಲಿನ ತೊಟ್ಟನ್ನು ಬೆರಳಿನಿಂದ ಎರಡು ಮೂರು ಸಲ ತಟ್ಟಿ. ಬ್ಯಾಟರಿ ಟೂತ್‌ಬ್ರಷ್ ಇದ್ದರೆ ಅದನ್ನು ತೊಟ್ಟಿನ ಹಿಂದೆ ಮೂರು ಸೆಕೆಂಡ್ ಹಿಡಿಯಿರಿ.

ಮೊದಲ ಗೊಂಚಲಿನಲ್ಲಿ ಎರಡು ಮೂರು ಹೂವು ಒಂದಾಗಿ ಅಂಟಿಕೊಂಡಂತೆ ದೊಡ್ಡ ಹೂವು ಬಂದರೆ ಚಿವುಟಿಬಿಡಿ. ಅದರಿಂದ ಸೊಟ್ಟ, ಸುಕ್ಕು ಹಣ್ಣು ಬರುತ್ತದೆ. ಒಂದು ಗೊಂಚಲಿಗೆ ಮೂರು ಕಾಯಿ ಸಾಕು. ಒಂದೊಂದೂ 250-350 ಗ್ರಾಂ ತೂಗುತ್ತದೆ, ತೊಟ್ಟು ಬಗ್ಗದಂತೆ ದಾರ ಕಟ್ಟಿ.

ಹಂತ 10: ಅಪಾಯದ ಗುರುತುಗಳು

ದಿನಾ ಬೆಳಗ್ಗೆ ಐದು ನಿಮಿಷ ಎಲೆ ಮಗುಚಿ ನೋಡಿ. ಮದ್ದಿಗಿಂತ ಈ ಐದು ನಿಮಿಷ ನನಗೆ ಜಾಸ್ತಿ ಗಿಡ ಉಳಿಸಿಕೊಟ್ಟಿದೆ.

ತುದಿ ಎಲೆ ಚಿಕ್ಕದಾಗಿ, ಹಳದಿಯಾಗಿ, ಬಟ್ಟಲಿನ ಹಾಗೆ ಮೇಲಕ್ಕೆ ಮುಟುರಿದರೆ ಅದು ಎಲೆ ಮುಟುರು ರೋಗ. ಮದ್ದಿಲ್ಲ. ಗಿಡವನ್ನು ಕವರಿನಲ್ಲಿ ಮುಚ್ಚಿ, ಆಮೇಲೆ ಕಿತ್ತು ಹಾಕಿ. ಮನಸ್ಸಿಗೆ ಕಷ್ಟ, ನನಗೂ ಆಗುತ್ತದೆ. ಆದರೆ ಒಂದನ್ನು ಉಳಿಸಲು ಹೋಗಿ ಎಲ್ಲವೂ ಹೋಗುತ್ತವೆ. ಕೆಳಗಿನ ಎಲೆ ಮಾತ್ರ ದಪ್ಪಗಾಗಿ ಸುತ್ತಿಕೊಂಡು, ತುದಿ ಚೆನ್ನಾಗಿದ್ದರೆ ಹೆದರಬೇಡಿ. ಅದು ಬಿಸಿಲಿಗೆ, ಇಲ್ಲವೇ ಜಾಸ್ತಿ ಚಿವುಟಿದ್ದಕ್ಕೆ.

ಮೋಡ, ತುಂತುರು ಮುಂದುವರಿದಾಗ ಎಲೆಯ ಮೇಲೆ ಬಿಸಿನೀರು ಬಿದ್ದಂತಹ ಕಂದು ಮಚ್ಚೆ, ಕೆಳಗೆ ಬಿಳಿ ಬೂಷ್ಟು, ಕಾಂಡದಲ್ಲಿ ಕಪ್ಪು ಗೆರೆ ಕಂಡರೆ ಅದು ಅಂಗಮಾರಿ. ಅದೇ ದಿನ ಆ ಎಲೆಗಳನ್ನು ತೆಗೆಯಿರಿ. ನಾಳೆಗೆ ಬಿಡಬೇಡಿ, ಮೂರ್ನಾಲ್ಕು ದಿನದಲ್ಲಿ ಗಿಡವೇ ಹೋಗುತ್ತದೆ. ಮಳೆ ಮುನ್ಸೂಚನೆ ಇದ್ದರೆ ಮುಂಚೆಯೇ ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಸಿಂಪಡಿಸಿ. ಕಾಯಿಲೆ ಬಂದ ಮೇಲೆ ಅದು ಅಷ್ಟಾಗಿ ಹಿಡಿಯುವುದಿಲ್ಲ. ಕೆಳಗಿನ ಎಲೆಯಲ್ಲಿ ಸುತ್ತು ಸುತ್ತು ಗೆರೆಯ ಒಣ ಚುಕ್ಕೆ ಇದ್ದರೆ ಅದು ಬೇರೆ ಜಾತಿ, ನಿಧಾನದ್ದು. ಆ ಎಲೆ ತೆಗೆದರೆ ಸಾಕು.

ಎಲೆಯಲ್ಲಿ ಸಣ್ಣ ರಂಗೋಲಿ ಗೆರೆ ಬಂದರೆ ರಂಗೋಲಿ ಹುಳ. ಅದು ಜಾಸ್ತಿ ಕೆಡಿಸುವುದಿಲ್ಲ. ಗೆರೆ ಬದಲು ಅಗಲ ತೇಪೆ, ಒಳಗೆ ಕರೀ ಹಿಕ್ಕೆ, ಕಾಯಿಯ ತೊಟ್ಟಿನ ಕೆಳಗೆ ಸೂಜಿ ತೂತು ಕಂಡರೆ ಟೂಟಾ ಹುಳ. ದಕ್ಷಿಣ ಅಮೆರಿಕದ ಈ ಹುಳ ನಮ್ಮ ದೇಶದಲ್ಲಿ ಮೊದಲು ಕಂಡದ್ದು 2014ರಲ್ಲಿ. ತೇಪೆ ಎಲೆಗಳನ್ನು ಕಿತ್ತು ಸೋಪು ನೀರಿನಲ್ಲಿ ಮುಳುಗಿಸಿ. ಗಂಡು ಪತಂಗವನ್ನು ವಾಸನೆಯಿಂದ ಸೆಳೆದು ಹಿಡಿಯುವ ಫೆರಮೋನ್ ಬಲೆ ತೂಗುಹಾಕಿ. ಕಾಯಿಕೊರಕಕ್ಕೆ ಪಕ್ಕದಲ್ಲಿ ಚೆಂಡುಹೂವು ನೆಡಿ. ಕಾಯಿಕೊರಕದ ಪತಂಗ ಆ ಹೂವಿನ ಮೇಲೆ ಮೊಟ್ಟೆ ಇಡುತ್ತದೆ. ಬಿಳಿ ನೊಣಕ್ಕೆ ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, 2 ಎಂಎಲ್ ದ್ರವ ಸೋಪು. ಸಂಜೆ ಹೊತ್ತು, ಎಲೆಯ ಕೆಳಭಾಗಕ್ಕೆ.

ನಿನ್ನೆ ಚೆನ್ನಾಗಿದ್ದ ಗಿಡ ಇವತ್ತು ಹಸಿರಾಗಿಯೇ ಜೋತುಬಿದ್ದರೆ, ನೀರು ಹಾಕಿದರೂ ಏಳದಿದ್ದರೆ, ಒಂದು ಪರೀಕ್ಷೆ ಮಾಡಿ. ಬುಡದ ಕಾಂಡದ ತುಂಡನ್ನು ಗಾಜಿನ ಲೋಟದ ನೀರಿನಲ್ಲಿ ತೂಗುಹಾಕಿ. ಕೆಲವು ನಿಮಿಷದಲ್ಲಿ ಹಾಲಿನಂತಹ ಎಳೆ ಇಳಿದರೆ ಅದು ದುಂಡಾಣು ಸೊರಗು. ಗಿಡವನ್ನು ಕಿತ್ತು ಹಾಕಿ, ಆ ಚೀಲದ ಮಣ್ಣನ್ನು ಟೊಮೇಟೊಗೆ ಮತ್ತೆ ಬಳಸಬೇಡಿ.

ಹಂತ 11: ಕೀಳುವುದು ಯಾವಾಗ

ಇಲ್ಲಿ ಬಹಳ ಜನ ಎಡವುತ್ತಾರೆ. ಹಣ್ಣು ಪೂರ್ತಿ ಬಣ್ಣಕ್ಕೆ ಬರಲಿ ಅಂತ ಕಾಯುತ್ತಾರೆ. ಚೆರೋಕಿ ಪರ್ಪಲ್ ಭುಜ, ಅಂದರೆ ತೊಟ್ಟಿನ ಸುತ್ತಲಿನ ಭಾಗ, ಪೂರ್ತಿ ಹಣ್ಣಾದ ಮೇಲೂ ಹಸಿರಾಗಿಯೇ ಇರುತ್ತದೆ. ಇದರಲ್ಲಿ ಹಸಿರು ಬಣ್ಣದ ಪತ್ರಹರಿತ್ತು ಪೂರ್ತಿ ಕರಗುವುದಿಲ್ಲ. ಅದರ ಜೊತೆ ಕೆಂಪು ಸೇರಿ ಈ ಮಾಸಲು ನೇರಳೆ ಬರುತ್ತದೆ. ಹಸಿರು ಹೋಗಲಿ ಅಂತ ಕಾದರೆ ಒಳಗೆ ಹುಳಿತು ನೀರಾಗುತ್ತದೆ.

ತಳ ನೋಡಿ, ಭುಜ ನೋಡಬೇಡಿ. ತಳ ಗುಲಾಬಿಗೆ ತಿರುಗಿದರೆ ಅದು ದೋರೆಗಾಯಿ. ಆಗಲೇ ತೊಟ್ಟಿನ ಸಮೇತ ಕತ್ತರಿಸಿ. ಮನೆಯೊಳಗೆ ಮೂರು ನಾಲ್ಕು ದಿನದಲ್ಲಿ ಹಣ್ಣಾಗುತ್ತದೆ, ರುಚಿ ಕಮ್ಮಿಯಾಗುವುದಿಲ್ಲ. ಗಿಡದಲ್ಲೇ ಬಿಟ್ಟರೆ ಅಳಿಲು, ಪಿಕಳಾರ, ಕೆಲವು ಬಡಾವಣೆಗಳಲ್ಲಿ ಕೋತಿ ನಿಮಗಿಂತ ಮೊದಲು ಬರುತ್ತವೆ. ಬಿಡಲೇಬೇಕೆಂದರೆ ಒಂದೊಂದು ಹಣ್ಣಿಗೂ ಬಲೆ ಚೀಲ ಕಟ್ಟಿ.

ಹಣ್ಣನ್ನು ತೊಟ್ಟು ಕೆಳಗೆ ಮಾಡಿ, ಒಂದಕ್ಕೊಂದು ತಾಗದಂತೆ, ಬಿಸಿಲು ಬೀಳದ ಕಡೆ ತಟ್ಟೆಯಲ್ಲಿಡಿ. ಫ್ರಿಜ್ ಬೇಡ. ತಣ್ಣಗಾದರೆ ಇದರ ಪರಿಮಳ ಹೋಗುತ್ತದೆ, ತಿರುಳು ಮರಳಿನಂತಾಗುತ್ತದೆ. ಹೆಬ್ಬೆರಳು ಒತ್ತಿದರೆ ಮಾಗಿದ ಮಾವಿನ ಹಾಗೆ ಸ್ವಲ್ಪ ಬಗ್ಗಬೇಕು. ಆ ದಿನವೇ ತಿನ್ನಬೇಕು.

ಹಂತ 12: ಅಡುಗೆ

ಮೊದಲ ಹಣ್ಣನ್ನು ಬೇಯಿಸಬೇಡಿ. ಇದು ನನ್ನ ಕೋರಿಕೆ. ಇದರಲ್ಲಿ ನಾಟಿ ಟೊಮೇಟೊದ ಚುರುಕು ಹುಳಿ ಇಲ್ಲ. ಸಿಹಿ, ಸ್ವಲ್ಪ ಉಪ್ಪುಪ್ಪು, ಗಟ್ಟಿ ರಸ. ಬಹಳ ಹೊತ್ತು ಕುದಿಸಿದರೆ ಪರಿಮಳ ಹಾರಿಹೋಗುತ್ತದೆ. ಪತ್ರಹರಿತ್ತು ಬಿಸಿಗೆ, ಹುಳಿಗೆ ಬಣ್ಣ ಬದಲಿಸುವುದರಿಂದ ಸಾರು ಮಣ್ಣು ಬಣ್ಣಕ್ಕೆ ತಿರುಗುತ್ತದೆ. "ಇಷ್ಟು ಕಷ್ಟಪಟ್ಟು ಬೆಳೆದು ಸಾರು ಮಾಡಿದೆ, ಸಪ್ಪೆ" ಅಂತ ಬೇಸರ ಮಾಡಿಕೊಂಡವರು ಎಷ್ಟೋ ಜನ.

ಹೋಳು: ಹರಿತ ಚಾಕುವಿನಿಂದ ಅಡ್ಡಕ್ಕೆ ಅರ್ಧ ಅಂಗುಲ ದಪ್ಪ ಕೊಯ್ಯಿರಿ. ಉಪ್ಪು, ಕುಟ್ಟಿದ ಕಾಳುಮೆಣಸು, ನಾಲ್ಕು ಹನಿ ಗಾಣದ ಕಡಲೆಕಾಯಿ ಎಣ್ಣೆ. ಉಪ್ಪು ತಿನ್ನುವ ಮುಂಚೆ ಮಾತ್ರ. ಮೊದಲ ಹಣ್ಣಿನ ಹೊತ್ತಿಗೆ ಬೆಂಗಳೂರಿನಲ್ಲಿ ಸೊಗಡಿನ ಅವರೆಕಾಯಿ ಇನ್ನೂ ಇರುತ್ತದೆ. ಬಿಸಿ ಅವರೆಕಾಳು ಅಕ್ಕಿರೊಟ್ಟಿ ಪಕ್ಕದಲ್ಲಿ ಈ ಹೋಳು ಇಟ್ಟು ನೋಡಿ. ಚಟ್ನಿ ಬೇಕಾಗುವುದಿಲ್ಲ.

ಮೊಸರು ಗೊಜ್ಜು: ಒಂದು ಹಣ್ಣನ್ನು ದಪ್ಪ ಹೋಳು ಮಾಡಿ, ಅರ್ಧ ಚಮಚ ಉಪ್ಪು ಬೆರೆಸಿ ಜಾಲರಿಯಲ್ಲಿ 10 ನಿಮಿಷ ಬಿಡಿ. ಇಳಿದ ರಸ ಚೆಲ್ಲಬೇಡಿ, ಮಜ್ಜಿಗೆಗೆ ಹಾಕಿ. ಸಾಸಿವೆ, ಇಂಗು, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಮಾಡಿ ಪೂರ್ತಿ ಆರಿಸಿ. ಊಟಕ್ಕೆ ಎಲೆ ಹಾಕಿದ ಮೇಲೆ ಒಂದು ಬಟ್ಟಲು ಗಟ್ಟಿ ಮೊಸರಿಗೆ ಎಲ್ಲ ಸೇರಿಸಿ. ರಸ ಬಸಿಯದೆ, ಅರ್ಧ ಗಂಟೆ ಮುಂಚೆ ಕಲಸಿಟ್ಟರೆ ನೀರು ನೀರಾಗುತ್ತದೆ.

ಸುಟ್ಟ ಗೊಜ್ಜು: ಇದೊಂದಕ್ಕೆ ಬಿಸಿ ಒಗ್ಗುತ್ತದೆ. ಬದನೆಕಾಯಿ ಹಾಗೆ ಇಡೀ ಹಣ್ಣನ್ನು ಗ್ಯಾಸ್ ಉರಿ ಮೇಲೆ ಇಡಬೇಡಿ. ಸಿಪ್ಪೆ ಒಡೆದು ರಸ ಬರ್ನರಿಗೆ ಇಳಿಯುತ್ತದೆ, ನಡುಭಾಗ ತಣ್ಣಗೇ ಇರುತ್ತದೆ. ಎರಡು ಹಣ್ಣನ್ನು ಅಡ್ಡ ಕೊಯ್ದು, ಬಿಸಿ ಕಾವಲಿಗೆ ಒಂದು ಚಮಚ ಎಣ್ಣೆ ಸವರಿ, ಸಿಪ್ಪೆ ಕೆಳಗೆ ಮಾಡಿ ಮುಚ್ಚಿ. ಐದು ನಿಮಿಷ. ಪಕ್ಕದಲ್ಲೇ ನಾಲ್ಕು ಹಸಿಮೆಣಸಿನಕಾಯಿ, ಆರು ಎಸಳು ಬೆಳ್ಳುಳ್ಳಿ ಕಪ್ಪಾಗಲಿ. ಹಣ್ಣು ಮಗುಚಿ ಎರಡು ನಿಮಿಷ ಜೋರು ಉರಿ. ಸಿಪ್ಪೆ ತೆಗೆದು, ಉಪ್ಪಿನ ಜೊತೆ ಎಲ್ಲ ಕಿವುಚಿ. ಹಸಿ ಈರುಳ್ಳಿ, ಕೊತ್ತಂಬರಿ ಮೇಲೆ. ಬಿಸಿ ರಾಗಿಮುದ್ದೆಗೆ ಹೇಳಿ ಮಾಡಿಸಿದ ಜೋಡಿ. ಕಬ್ಬಿಣದ ಕಾವಲಿಯಾದರೆ ತಕ್ಷಣ ಬೇರೆ ಪಾತ್ರೆಗೆ ತೆಗೆಯಿರಿ, ಇಲ್ಲದಿದ್ದರೆ ಲೋಹದ ರುಚಿ ಹತ್ತುತ್ತದೆ.

ಸಾರು ಬೇಕೇ ಬೇಕು ಅನ್ನುವವರಿಗೆ: ಹುಳಿಗೆ ಎರಡು ನಾಟಿ ಟೊಮೇಟೊ ಮತ್ತು ಗೋಲಿಯಷ್ಟು ಹುಣಸೆ. ಬೇಳೆ ಕಟ್ಟು, ಸಾರಿನ ಪುಡಿ ಹಾಕಿ ಎಂದಿನಂತೆ ಕುದಿಸಿ. ಕೊನೆಗೆ ಒಂದು ಚೆರೋಕಿ ಪರ್ಪಲ್ ಕೈಯಲ್ಲಿ ಕಿವುಚಿ ಹಾಕಿ, ಎರಡು ಕುದಿ ಬಂದ ತಕ್ಷಣ ಇಳಿಸಿ.

ಯುಗಾದಿ ಹೊತ್ತಿಗೆ ಬಿಸಿಲು ಏರಿ ಗಿಡ ಸುಸ್ತಾಗುತ್ತದೆ. ಉಳಿದ ಬಲಿತ ಹಸಿರು ಕಾಯಿಗಳನ್ನು ಕಿತ್ತು ಚಟ್ನಿ ಮಾಡಿ. ಉದ್ದಿನಬೇಳೆ, ಬ್ಯಾಡಗಿ ಮೆಣಸಿನಕಾಯಿ, ಕಡಲೆಬೀಜ ಹುರಿದು, ಕಾಯಿಯನ್ನು ಎಣ್ಣೆಯಲ್ಲಿ ಮೆತ್ತಗೆ ಬಾಡಿಸಿ, ಚೂರು ಬೆಲ್ಲ ಸೇರಿಸಿ ತರಿತರಿ ರುಬ್ಬಿ. ಎಳೇ ಪಿಂದೆ ಬೇಡ, ಕಹಿ ಬರುತ್ತದೆ.

ಹಂತ 13: ಬೀಜ ಎತ್ತಿಡುವುದು

ಹಳೇ ತಳಿಯ ಬೀಜ ತಾಯಿಯಂತೆಯೇ ಬರುತ್ತದೆ, ಪಕ್ಕದ ತಳಿಯ ಪರಾಗ ತಾಗದಿದ್ದರೆ. ಅದಕ್ಕೆ ಎರಡನೇ ಗೊಂಚಲಿನ ಒಂದೆರಡು ಮೊಗ್ಗಿಗೆ ಅರಳುವ ಮುಂಚೆಯೇ ತೆಳು ಬಲೆ ಚೀಲ ಕಟ್ಟಿ. ಕಾಯಿ ಕಚ್ಚಿದ ಮೇಲೆ ಚೀಲ ತೆಗೆದು ತೊಟ್ಟಿಗೆ ಕೆಂಪು ದಾರ ಕಟ್ಟಿ. ಆ ಹಣ್ಣನ್ನು ಯಾರೂ ಕೀಳದಂತೆ ಮನೆಯವರಿಗೆಲ್ಲ ಹೇಳಿ.

ಗಿಡದಲ್ಲೇ ಪೂರ್ತಿ ಮಾಗಿದ ಮೇಲೆ ಬೀಜವನ್ನು ರಸದ ಸಮೇತ ಲೋಟಕ್ಕೆ ಹಾಕಿ, ಎರಡು ಮೂರು ದಿನ ಹುಳಿಯಲು ಬಿಡಿ. ದಿನಕ್ಕೊಮ್ಮೆ ಕಲಕಿ. ಬೀಜದ ಸುತ್ತಲಿನ ಲೋಳೆ ಕರಗಬೇಕು. ನಾಲ್ಕನೇ ದಿನಕ್ಕೆ ಬಿಟ್ಟರೆ ಲೋಟದಲ್ಲೇ ಮೊಳೆಯಬಹುದು. ತೊಳೆದು, ತೇಲುವ ಬೀಜ ಚೆಲ್ಲಿ, ಸ್ಟೀಲ್ ತಟ್ಟೆಯಲ್ಲಿ ನೆರಳಲ್ಲಿ ಒಂದು ವಾರ ಒಣಗಿಸಿ. ಪೇಪರ್ ಮೇಲೆ ಹಾಕಿದರೆ ಅಂಟಿಕೊಳ್ಳುತ್ತದೆ.

ಕಾಗದದ ಲಕೋಟೆಗೆ ಹಾಕಿ ತಳಿಯ ಹೆಸರು, ತಿಂಗಳು, ವರ್ಷ, ಯಾವ ಚೀಲದ ಗಿಡ ಅಂತ ಬರೆಯಿರಿ. ಗಾಜಿನ ಡಬ್ಬಿಯಲ್ಲಿ ತಂಪಾದ ಕತ್ತಲೆ ಜಾಗದಲ್ಲಿಟ್ಟರೆ ನಾಲ್ಕೈದು ವರ್ಷ ಮೊಳೆಯುತ್ತದೆ. ಸೆಪ್ಟೆಂಬರ್ ಮೊದಲ ವಾರ ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪರೀಕ್ಷೆ ಮಾಡಿ. ಏಳಕ್ಕಿಂತ ಕಮ್ಮಿ ಮೊಳೆತರೆ ಗುಳಿಗೆ ಎರಡರ ಬದಲು ಮೂರು ಬೀಜ ಹಾಕಿ.